ಕೊಂಡುಕುರಿಯ ಚರಿತ್ರೆ

ತುಂಗಭದ್ರೆಯ ಬಲದಂಡೆಯ ಸೀಮೆಯಲ್ಲಿರುವ ಹೊಳಲಿನ ಹೆಸರನ್ನೆತ್ತಿದೊಡನೆ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಅಲ್ಲಿಯ ಅನಂತಶಯನ ಮೂರ್ತಿ ನೆನಪಾಗುತ್ತದೆ. ಅದರ ಬೆನ್ನಿಗೇ ಮೈಲಾರ, ಕುರುವತ್ತಿ, ಮಾಗಳ, ಹಿರೇಹಡಗಲಿಗಳ ದೇವಾಲಯಗಳು ಕಣ್ಣ ಮುಂದೆ ಬರುತ್ತವೆ. ಶಾಸನ, ಶಿಲ್ಪ, ವೀರಗಲ್ಲು ಇವೇ ಒಂದು ಸೀಮೆಯ ಪೂರ್ವವೃತ್ತಾಂತಕ್ಕೆ ಆಧಾರಗಳೆಂದು ನಾವು ಬಗೆಯುತ್ತ ಬಂದಿದ್ದೇವೆ. ಅದೇ ಸೀಮೆಯ ಕುರುಚಲು ಗುಡ್ಡಗಳಲ್ಲಿ, ಒಣ ಕಾಡುಗಳಲ್ಲಿ ಬಾಳುವ ಮೃಗಗಳಿಗೂ ಒಂದು ಚರಿತ್ರೆ ಉಂಟೆಂಬುದನ್ನು ಸಾಮಾನ್ಯವಾಗಿ ಮರೆಯುತ್ತೇವೆ. ಅಂಥ ಒಂದು ಮೃಗದ ವಿಚಾರವನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇನೆ. ಅದರ ಹೆಸರು ಕೊಂಡುಕುರಿ. ಲೋಕದ ಕಾಡುಪ್ರಾಣಿಗಳಲ್ಲೆಲ್ಲ ತಲೆಯ ಮೇಲೆ ನಾಲ್ಕು ಕೊಂಬುಗಳನ್ನು ಹೊತ್ತಿರುವುದು ಇದೊಂದೇ. ಅದು ಬಾಳುವುದು ಭಾರತದಲ್ಲಿ ಮತ್ತು ನೇಪಾಳದಲ್ಲಿ ಮಾತ್ರ.

ಇಷ್ಟು ಅಪೂರ್ವವಾದ ಪ್ರಾಣಿ ಜನರ ನಾಲಗೆಯ ಮೇಲೆ ನಲಿದಾಡಬೇಕಾಗಿತ್ತು. ಹಾಗಾಗಲಿಲ್ಲ. ಅದನ್ನು ಕಂಡವರಲ್ಲಿ ಕೆಲವರು ಜಿಂಕೆಯ ಮರಿಯೆಂದರು, ಕೆಲವರು ಕಾಡುಕುರಿಯೆಂದರು, ಇನ್ನು ಕೆಲವರು ಚಿಂಕಾರವೆಂದರು. ವಿದ್ವಾಂಸರು ಕೊಟ್ಟ ಹೆಸರುಗಳಲ್ಲಿಯೂ ಗೊಂದಲ ಹೊಕ್ಕಿತು. ಒಂದು ಪ್ರಾಣಿಯನ್ನು ಸರಿಯಾಗಿ ಗುರುತಿಸದೆ ಇದ್ದರೆ ಅದರ ಹುಟ್ಟು, ಬಾಳು, ಅಳಿವುಗಳೂ ನಮ್ಮ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಕೊಂಡುಕುರಿಯ ಕಥೆಯಲ್ಲಿ ಇದು ನಿಜವಾಗಿಯೂ ನಡೆದಿದೆ. ಆದುದರಿಂದ ಮೊದಲು ಅದರ ಹೆಸರಿನ ಚರಿತ್ರೆಯನ್ನೂ, ಅನಂತರ ಮೈಕಟ್ಟನ್ನೂ, ಕೊನೆಗೆ ಅದರ ಸಂತಾನಕ್ರಮವನ್ನೂ ಹೇಳುತ್ತೇನೆ. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲು ನೆಲದ ಮಾತು. ಹೊಳಲಿನಿಂದ ಹೊಳೆಯಾಚೆಗೆ ರಾಣೆಬೆನ್ನೂರು, ಹಾವೇರಿಗಳ ಸೀಮೆ. ಈಚೆಗೆ ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ. ಇನ್ನೂ ಆಗ್ನೇಯಕ್ಕೆ ಸರಿದರೆ ಕೊಟ್ಟೂರು, ಕೂಡ್ಲಿಗಿ, ಅವುಗಳ ಮಗ್ಗುಲಲ್ಲಿ ಜಗಳೂರು. ಮಳೆ ಕಡಿಮೆ, ಬಂಡೆಗಲ್ಲಿನ ಗುಡ್ಡಗಳೂ ಮುಳ್ಳುಪೊದೆಗಳೂ ಹೆಚ್ಚು. ಬ್ರಿಟಿಷರ ಕಾಲದಲ್ಲಿ ಈ ಸಣ್ಣ ಸೀಮೆ ಮೂರು ಆಡಳಿತಗಳಿಗೆ ಹಂಚಿಹೋಗಿತ್ತು. ಹೊಳೆಯಾಚೆಯ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಿಜಾಮನಿಂದ 1800ರಲ್ಲಿ ಕಂಪೆನಿಯ ಕೈಸೇರಿದ ಬಳ್ಳಾರಿ ಮದರಾಸಿನ ಆಡಳಿತದಲ್ಲಿತ್ತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಅದರೊಳಗಿದ್ದವು. ಜಗಳೂರು ಮೈಸೂರು ಅರಸರ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಈ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. 1956ರಲ್ಲಿ ಧಾರವಾಡವೂ ಬಂದು ಕೂಡಿತು. 1997ರಲ್ಲಿ ಜಗಳೂರು ದಾವಣಗೆರೆ ಜಿಲ್ಲೆಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಹಡಗಲಿ ಮೊದಲಾದ ತಾಲ್ಲೂಕುಗಳು ಅದರೊಳಗೆ ಬಂದವು. ಇಷ್ಟೆಲ್ಲ ಗಡಿಗಳನ್ನು ಮನುಷ್ಯರು ಎಳೆದು, ಅಳಿಸಿ, ಮತ್ತೆ ಎಳೆದರು. ಈ ಬಯಲುಸೀಮೆಯ ಮೃಗಗಳಿಗೆ ಇದಾವುದೂ ತಿಳಿಯದು. ಆದರೆ ಅವುಗಳ ಕುರಿತ ದಾಖಲೆಗಳು ಮಾತ್ರ ಮೂರು ಕಡೆಗೆ ಚದುರಿಹೋದವು.

ಕೊಂಡುಕುರಿಗೆ ಮೊದಲ ಶಾಸ್ತ್ರೀಯ ಹೆಸರನ್ನು ಕೊಟ್ಟವನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಬ್ಲಾಂವಿಲ್, ವರ್ಷ 1816. ನಾಲ್ಕು ಕೊಂಬಿನದು ಎಂಬ ಅರ್ಥದ ಲ್ಯಾಟಿನ್ ಮಾತು ‘ಕ್ವಾಡ್ರಿಕಾರ್ನಿಸ್’ ಆಗ ಬಂದಿತು. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀಚ್ ಇದಕ್ಕೆ ಬೇರೆಯದೇ ಒಂದು ಕುಲವನ್ನು ಕಲ್ಪಿಸಿ ‘ಟೆಟ್ರಾಸೆರಸ್’ ಎಂದು ಕರೆದ. ಅದು ಗ್ರೀಕ್ ಮಾತು. ಅದರ ಅರ್ಥವೂ ನಾಲ್ಕು ಕೊಂಬು ಎಂದೇ. ಹೀಗೆ ‘ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್’ ಎಂಬ ಪೂರ್ಣ ನಾಮಧೇಯದಲ್ಲಿ ನಾಲ್ಕು ಕೊಂಬೆಂಬುದನ್ನು ಎರಡು ಭಾಷೆಗಳಲ್ಲಿ ಎರಡು ಸಲ ಸಾರಿದಂತಾಯಿತು. ಅದೇ 1825ರಲ್ಲಿ ಹಾರ್ಡ್‌ವಿಕ್ ಎಂಬ ಸೇನಾಧಿಕಾರಿ ಇದೇ ಪ್ರಾಣಿಯನ್ನು ‘ಚಿಕಾರ’ ಎಂಬ ಹೆಸರಿನಿಂದ ವರ್ಣಿಸಿದ. ಚಿಂಕಾರವೆಂಬುದು ಬೇರೆಯೇ ಒಂದು ಹುಲ್ಲೆ. ಈ ಬಗೆಯ ತೊಡಕುಗಳು ಮೊದಲಿನಿಂದಲೇ ಕೊಂಡುಕುರಿಯ ಬೆನ್ನು ಹತ್ತಿದವು.

ಇನ್ನು ಕನ್ನಡ ನಾಡಿನ ಸಂಬಂಧದ ಮಾತಿಗೆ ಬರೋಣ. ಕಿತ್ತೂರಿನ ಕಾಳಗದ ಕಥೆಯನ್ನು ಕೇಳುಗರೆಲ್ಲ ಬಲ್ಲರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದ. ಅವನ ಸಹಾಯಕರಾಗಿದ್ದ ಇಬ್ಬರು ತರುಣರು ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್ ಹುಟ್ಟಿದ್ದು 1803ರಲ್ಲಿ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಸೆರೆಯಲ್ಲಿದ್ದವರಿಗೆ ಪ್ರಾಣಾಪಾಯವಾಗಲಿಲ್ಲ; ಡಿಸೆಂಬರಿನಲ್ಲಿ ಅವರ ಬಿಡುಗಡೆಯಾಯಿತು. ಅನಂತರವೂ ಎಲಿಯಟ್ ಈ ನಾಡನ್ನು ಬಿಡದೆ 1833ರವರೆಗೆ ಇಲ್ಲಿಯೇ ಕೆಲಸ ಮಾಡಿದ.

ಈ ಎಲಿಯಟ್ ಕನ್ನಡ ನಾಡಿನ ಚರಿತ್ರಕಾರರಿಗೆ ಪರಿಚಿತನಾದವನೇ. ಊರೂರು ಅಲೆದು ಶಾಸನಗಳ ಪ್ರತಿಗಳನ್ನು ಮಾಡಿಸಿದ. ಅವುಗಳ ಸಂಖ್ಯೆ 595. ಅವುಗಳ ಆಧಾರದ ಮೇಲೆ 1837ರಲ್ಲಿ ಅವನು ಪ್ರಕಟಿಸಿದ ಪ್ರಬಂಧ ಚಾಲುಕ್ಯರ ವಂಶಾವಳಿಯನ್ನು ಬೆಳಕಿಗೆ ತಂದ ಆರಂಭದ ಬರಹಗಳಲ್ಲೊಂದು. ಶಾಸನಗಳನ್ನು ಸಂಗ್ರಹಿಸುತ್ತಿದ್ದ ಅದೇ ಕೈ ಪಕ್ಷಿಗಳನ್ನೂ ಮೃಗಗಳನ್ನೂ ಇಲಿ ಹೆಗ್ಗಣಗಳನ್ನೂ ಸಂಗ್ರಹಿಸುತ್ತಿತ್ತು. 1839ರಲ್ಲಿ ಮದರಾಸಿನ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ದಕ್ಷಿಣ ಮರಾಠಾ ದೇಶದ ಸಸ್ತನಿಗಳ ಪಟ್ಟಿಯೊಂದನ್ನು ಅವನು ಅಚ್ಚುಹಾಕಿಸಿದ. ಹೆಸರಿಗೆ ಮರಾಠಾ ದೇಶ. ಧಾರವಾಡ ಮೊದಲಾದ ಅಚ್ಚಕನ್ನಡದ ನೆಲವನ್ನೇ ಅಂದು ಹಾಗೆ ಕರೆಯುತ್ತಿದ್ದರು. ಪಟ್ಟಿಯಲ್ಲಿ ಸ್ಥಳೀಯರ ಮಾತುಗಳಿಗೂ ಅವನು ಎಡೆ ಕೊಟ್ಟ. ಒಡ್ಡ ಜನಾಂಗದವರು ಹೊಲದ ಇಲಿಗಳಿಗೆ ಇಟ್ಟ ಹೆಸರುಗಳು ಕೂಡ ಅಲ್ಲಿವೆ. ಒಂದು ಪೊದೆಯಿಲಿಗೆ ಶಾಸ್ತ್ರಜ್ಞರು ಎಲಿಯಟ್‌ನ ಹೆಸರನ್ನೇ ಇಟ್ಟಿದ್ದಾರೆ; ಅದರ ಕುಲದ ಹೆಸರಾದ ‘ಗೊಲುಂಡ’ ಎಂಬುದು ಕನ್ನಡಿಗರ ಬಾಯಿಂದ ಹೋದ ಮಾತು. ಮುಂದೆ ಡಾರ್ವಿನ್ ಸಾಕುಪಕ್ಷಿಗಳ ಮಾದರಿಗಳಿಗಾಗಿ ಭಾರತದಲ್ಲಿ ಯಾರಿಗೆ ಪತ್ರ ಬರೆದನೋ ಅವರಲ್ಲಿ ಈ ಎಲಿಯಟ್ ಒಬ್ಬ.

ಆ ಪಟ್ಟಿಯಲ್ಲಿ ನಮ್ಮ ಕೊಂಡುಕುರಿ ಇದೆ. ಎಲಿಯಟ್ ಅದಕ್ಕೆ ಕೊಟ್ಟ ಹೆಸರಿನಲ್ಲಿ ಒಂದು ಸೂಕ್ಷ್ಮವಿದೆ. ‘ಸಬ್‌ಕ್ವಾಡ್ರಿಕಾರ್ನುಟಸ್’ ಎಂದು ಅವನು ಕರೆದ. ‘ಸಬ್’ ಎಂದರೆ ಅರೆ, ಕೊಂಚ ಕಡಿಮೆ. ಅರೆನಾಲ್ಕು ಕೊಂಬಿನದು ಎಂದು ಕನ್ನಡಿಸಬಹುದು. ಉತ್ತರದ ಗಂಡುಗಳಲ್ಲಿ ಹಣೆಯ ಮೇಲಿನ ಕೊಂಬುಗಳು ಎದ್ದುಕಾಣುವಂತೆ ಬೆಳೆದರೆ, ದಕ್ಷಿಣದ ಗಂಡುಗಳಲ್ಲಿ ಅನೇಕ ವೇಳೆ ಅವು ಬರಿಯ ಗುಬಟುಗಳಾಗಿರುತ್ತವೆ; ಕೆಲವು ಸಲ ಕೂದಲಿಲ್ಲದ ಕರಿಯ ಚರ್ಮದ ಗಂಟಿನಂತೆ ಮಾತ್ರ ಕಾಣುತ್ತವೆ. ಧಾರವಾಡದ ಸೀಮೆಯ ಪ್ರಾಣಿಯಲ್ಲಿ ಈ ವ್ಯತ್ಯಾಸವನ್ನು ಎಲಿಯಟ್ ಗುರುತಿಸಿದ. 2003ರಲ್ಲಿ ಕಾಲಿನ್ ಗ್ರೋವ್ಸ್ ಎಂಬ ವಿದ್ವಾಂಸರು ಈ ಮೃಗದ ಮೂರು ಉಪಜಾತಿಗಳನ್ನು ಹೇಳಿದರು: ಒಂದು ಉತ್ತರದ್ದು, ಒಂದು ನೇಪಾಳದ್ದು, ಮೂರನೆಯದು ದಕ್ಷಿಣದ್ದು. ಮೂರನೆಯದಕ್ಕೆ ಎಲಿಯಟ್ ಕೊಟ್ಟ ಹೆಸರೇ ಉಳಿದಿದೆ.

ಈ ಸಣ್ಣ ‘ಅರೆ’ಯಲ್ಲಿ ದೊಡ್ಡ ತೊಡಕು ಅಡಗಿದೆ. ಪುಸ್ತಕ ಓದಿದವನು ನಾಲ್ಕು ಕೊಂಬನ್ನು ಹುಡುಕುತ್ತ ಕಾಡಿಗೆ ಹೋಗುತ್ತಾನೆ. ನಮ್ಮ ಸೀಮೆಯ ಗಂಡಿನಲ್ಲಿ ಅವನಿಗೆ ದೂರದಿಂದ ಕಾಣುವುದು ಎರಡು. ಹೆಣ್ಣಿಗೆ ಕೊಂಬೇ ಇಲ್ಲ. ಎಳೆಯ ಗಂಡಿಗೆ ಮೊದಲು ಮೂಡುವುದು ಕಿವಿಗಳ ನಡುವಿನ ಹಿಂದಿನ ಜೋಡಿ, ಅದೂ ಹುಟ್ಟಿದ ಕೆಲವು ತಿಂಗಳ ಮೇಲೆ. ಹಣೆಯ ಮುಂದಿನ ಜೋಡಿ ಹತ್ತರಿಂದ ಹದಿನಾಲ್ಕು ತಿಂಗಳು ಕಳೆದ ಬಳಿಕ ಬರತಕ್ಕದ್ದು. ಹೀಗೆ ನಾಲ್ಕು ಕೊಂಬಿನ ಕುಲದಲ್ಲಿ ನಾಲ್ಕು ಕೊಂಬು ತೋರುವವು ಕೆಲವೇ. ಉಳಿದವುಗಳನ್ನೆಲ್ಲ ಕಂಡವರು ಬೇರೆ ಯಾವುದೋ ಪ್ರಾಣಿಯ ಲೆಕ್ಕಕ್ಕೆ ಬರೆದರೆ ಆಶ್ಚರ್ಯವಿಲ್ಲ.

ಹಾಗಾದರೆ ಕೊಂಡುಕುರಿಯನ್ನು ಗುರುತಿಸುವುದು ಹೇಗೆ? ಭುಜದ ಬಳಿ ಎತ್ತರ 55ರಿಂದ 64 ಸೆಂಟಿಮೀಟರ್. ತೂಕ 17ರಿಂದ 22 ಕಿಲೋಗ್ರಾಂ. ಗಾತ್ರದಲ್ಲಿ ನಮ್ಮ ಸಾಧಾರಣ ಕುರಿಯಷ್ಟೇ, ಆದರೆ ಕಾಲುಗಳು ತೀರ ಸಪೂರ. ಮೈಬಣ್ಣ ಹಳದಿ ಬೆರೆತ ಕಂದು, ಕೆಲವು ಕಡೆ ಕೆಂಪಿನ ಛಾಯೆ. ಹೊಟ್ಟೆಯ ಕೆಳಭಾಗ ಮತ್ತು ಒಳತೊಡೆ ಬಿಳುಪು. ಪ್ರತಿಯೊಂದು ಕಾಲಿನ ಮುಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಒಂದು ಕಪ್ಪು ಗೆರೆ ಉಂಟು. ಮೂತಿ ಕಪ್ಪು, ಕಿವಿ ಅಗಲ. ಹಿಂದಿನ ಕೊಂಬುಗಳು 8ರಿಂದ 12 ಸೆಂಟಿಮೀಟರ್, ಮುಂದಿನವು ಚೆನ್ನಾಗಿ ಬೆಳೆದರೂ 2ರಿಂದ 5 ಸೆಂಟಿಮೀಟರ್. ಕೃಷ್ಣಮೃಗದ ಕೊಂಬಿನ ಸುರುಳಿಯಾಗಲಿ ಉಂಗುರಗಳಾಗಲಿ ಇಲ್ಲಿಲ್ಲ. ನುಣುಪಾದ, ಚೂಪಾದ ಗೂಟಗಳು. ನಡೆಯುವಾಗಲೂ ಓಡುವಾಗಲೂ ಮೈ ಜರ್ಕುಹೊಡೆದಂತೆ ಏರಿಳಿಯುತ್ತದೆ. ಮಂದೆ ಕಟ್ಟುವ ಸ್ವಭಾವ ಇದಕ್ಕಿಲ್ಲ. ಒಂಟಿಯಾಗಿ, ಇಲ್ಲವೆ ಜೋಡಿಯಾಗಿ, ಇಲ್ಲವೆ ತಾಯಿ ಮರಿಗಳಾಗಿ ಇರುತ್ತದೆ; ನಾಲ್ಕಕ್ಕಿಂತ ಹೆಚ್ಚು ಒಟ್ಟಿಗೆ ಕಾಣುವುದು ಅಪರೂಪ.

ಅದರ ಬಾಳುವೆಯ ರೀತಿಯೂ ಮೈಕಟ್ಟಿಗೆ ಹೊಂದಿಕೊಂಡಿದೆ. ಎತ್ತರದ ಹುಲ್ಲು, ಅಲ್ಲಲ್ಲಿ ಪೊದೆ, ತುಸು ನೆರಳು, ಹತ್ತಿರದಲ್ಲೊಂದು ನೀರಿನ ನೆಲೆ ಇವಿಷ್ಟು ಇದ್ದ ಕಡೆ ಅದು ನೆಲಸುತ್ತದೆ. ನೆಲಸಿದ ಮೇಲೆ ದೂರ ಹೋಗುವುದಿಲ್ಲ. ನೀರನ್ನು ತಪ್ಪದೆ ಕುಡಿಯಬೇಕು. ಹಿಕ್ಕೆ ಹಾಕುವುದಕ್ಕೂ ಅದಕ್ಕೊಂದು ನಿಯತ ಸ್ಥಳವುಂಟು. ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಾಕುವುದರಿಂದ ಅಲ್ಲಿ ಚಿಕ್ಕ ಗುಡ್ಡೆಯಾಗುತ್ತದೆ. ಪ್ರಾಣಿಯನ್ನು ಕಾಣದಿದ್ದರೂ ಆ ಗುಡ್ಡೆಯನ್ನು ಕಂಡು ಅದರ ಇರವನ್ನು ಬಲ್ಲವರು ಹೇಳುತ್ತಾರೆ. ಕಣ್ಣಿನ ಮುಂದಿನ ಗ್ರಂಥಿಯಿಂದ ಒಸರುವ ದ್ರವವನ್ನು ಪೊದೆಗಳಿಗೆ ಸವರಿ ತನ್ನ ಎಲ್ಲೆಯನ್ನು ಗುರುತು ಮಾಡುತ್ತದೆ. ಹಿಂಗಾಲುಗಳ ಸುಳ್ಳು ಗೊರಸುಗಳ ನಡುವೆಯೂ ಒಂದು ಜೋಡಿ ಗ್ರಂಥಿಗಳಿವೆ. ಅಪಾಯ ಬಂದಾಗ ಮೊದಲು ಅಲುಗಾಡದೆ ನಿಲ್ಲುತ್ತದೆ. ತೀರ ಹತ್ತಿರ ಬಂದರೆ ಹುಲ್ಲಿನೊಳಗಿಂದ ಥಟ್ಟನೆ ಹಾರಿ ಮರೆಯಾಗುತ್ತದೆ. ಬಯಲಿನಲ್ಲಿ ಮೈಲಿಗಟ್ಟಲೆ ಓಡಿ ಬದುಕುವ ಕೃಷ್ಣಮೃಗದ ಉಪಾಯ ಇದರದಲ್ಲ. ಅಡಗುವುದೇ ಇದರ ಬಲ.

ಇಲ್ಲಿ ಹೆಸರಿನ ಮಾತನ್ನು ಇನ್ನೊಮ್ಮೆ ಎತ್ತಿಕೊಳ್ಳಬೇಕು. ತೆಲುಗಿನವರು ಈ ಪ್ರಾಣಿಯನ್ನು ಕೊಂಡಗೊರ್ರೆ ಎನ್ನುತ್ತಾರೆ. ಕೊಂಡವೆಂದರೆ ಬೆಟ್ಟ, ಗೊರ್ರೆಯೆಂದರೆ ಕುರಿ. ಕನ್ನಡದ ಕೊಂಡುಕುರಿಯೂ ಅದರ ಒಡಹುಟ್ಟು. ಬೆಟ್ಟದ ಕುರಿ ಎಂದು ಅದನ್ನು ಕರೆದ ಕಣ್ಣು ಕುರಿಗಾಹಿಯ ಕಣ್ಣೆಂದು ಬೇರೆ ಹೇಳಬೇಕಾಗಿಲ್ಲ. ಪಟ್ಟಣದ ನಾವು ಇದನ್ನು ನಾಲ್ಕು ಕೊಂಬಿನ ಜಿಂಕೆಯೆನ್ನುತ್ತೇವೆ. ಚುಕ್ಕೆ ಜಿಂಕೆ, ಕಡವೆಗಳ ಕವಲೊಡೆದ ಕೊಂಬು ಕಾಲಕಾಲಕ್ಕೆ ಉದುರಿ ಹೊಸದಾಗಿ ಬೆಳೆಯುತ್ತದೆ. ಕುರಿ, ಆಡು, ಆಕಳುಗಳ ಕೊಂಬು ಎಲುಬಿನ ತಿರುಳಿನ ಮೇಲೆ ಕೂತ ಒರೆ. ಅದು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಕೊಂಡುಕುರಿಯ ಕೊಂಬು ಈ ಎರಡನೆಯ ಬಗೆಯದು. ಆದುದರಿಂದ ಅದನ್ನು ಜಿಂಕೆಯೆಂದ ಓದುಬಲ್ಲವರಿಗಿಂತ, ಕುರಿಯೆಂದು ಕರೆದ ದನಗಾಹಿ ಕುರಿಗಾಹಿಗಳೇ ಸತ್ಯಕ್ಕೆ ಹತ್ತಿರವಿದ್ದರು.

ಹತ್ತಿರವಿದ್ದರು ಎಂದೆನೇ ಹೊರತು ಮುಟ್ಟಿದರು ಎನ್ನಲಿಲ್ಲ. ಪ್ರಾಣಿಶಾಸ್ತ್ರಜ್ಞರ ವಂಶಾವಳಿಯಲ್ಲಿ ಕೊಂಡುಕುರಿ ಕುರಿಗಿಂತಲೂ ಆಕಳಿಗೆ ಸಮೀಪದ ನೆಂಟ. ಅದರ ಪಂಗಡದಲ್ಲಿ ಇಂದು ಉಳಿದಿರುವ ಪ್ರಾಣಿಗಳು ಎರಡೇ: ಒಂದು ಕುದುರೆಯಂತೆ ಎತ್ತರವಾದ ನೀಲಗಾಯಿ, ಇನ್ನೊಂದು ಪುಟ್ಟ ಕೊಂಡುಕುರಿ. ಈ ಪಂಗಡ ಬಹು ಪ್ರಾಚೀನವಾದದ್ದು. ಅದಕ್ಕೆ ಸೇರಿದ ಲುಪ್ತಪ್ರಾಣಿಗಳ ಅಸ್ಥಿಗಳು ಹಿಮಾಲಯದ ಅಡಿಯ ಶಿವಾಲಿಕ್ ಬೆಟ್ಟಗಳ ಪದರಗಳಲ್ಲಿ ಸಿಕ್ಕಿವೆ. ಕೃಷ್ಣಮೃಗವೂ ಚಿಂಕಾರವೂ ಬೇರೆ ಕವಲಿಗೆ ಸೇರಿದವು. ಅವು ಕುರಿ ಆಡುಗಳ ಕಡೆಯ ಬಂಧುಗಳು.

ಈ ನೆಂಟಸ್ತಿಕೆ ಅದರ ಬಸಿರಿನಲ್ಲಿಯೂ ಕಾಣುತ್ತದೆ. ಕುರಿ ಐದು ತಿಂಗಳಿಗೆ ಮರಿ ಹಾಕುವುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಆಕಳು ಒಂಬತ್ತು ತಿಂಗಳು ತುಂಬಿ ಕರು ಹಾಕುತ್ತದೆ. ಕುರಿಯಷ್ಟೇ ಗಾತ್ರದ ಕೊಂಡುಕುರಿ ಮರಿಯನ್ನು ಹೊರುವುದು ಸುಮಾರು ಎಂಟು ತಿಂಗಳು. ಅದಕ್ಕಿಂತ ದೊಡ್ಡದಾದ ಕೃಷ್ಣಮೃಗ ಹೊರುವುದಾದರೂ ಆರು ತಿಂಗಳ ಆಸುಪಾಸು. ಕುರಿಗೆ ಮೊಲೆಗಳು ಎರಡು, ಆಕಳಿಗೆ ನಾಲ್ಕು, ಕೊಂಡುಕುರಿಗೂ ನಾಲ್ಕು. ಹೆಸರು ಕುರಿಯದಾದರೂ ಬಸಿರಿನ ಲೆಕ್ಕ ಆಕಳಿನ ಕಡೆಗೇ ವಾಲುತ್ತದೆ.

ಇದೆಲ್ಲ ತಿಳಿದುಬಂದುದು ನಿಧಾನವಾಗಿ. ಅಡಗಿ ಬಾಳುವ ಪ್ರಾಣಿಯ ಸಂಸಾರವನ್ನು ಕಾಡಿನಲ್ಲಿ ನೋಡುವುದು ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದ ಬೇಟೆಗಾರರು ಇದರ ತಲೆಬುರುಡೆಯನ್ನು ಗೋಡೆಗೆ ತೂಗುಹಾಕುವ ಆಸೆಯಿಂದ ಕೊಂದರೇ ಹೊರತು ಕಾದು ಕುಳಿತು ನೋಡಿದವರು ಕಡಿಮೆ. ಮೃಗಾಲಯಗಳಲ್ಲಿ ಸಾಕಿದ ಮೇಲೆ ದಿನ ತಿಂಗಳುಗಳ ಲೆಕ್ಕ ದೊರೆಯಿತು. ಒಡಿಶಾದ ನಂದನಕಾನನದಲ್ಲಿ ಇವು ಮರಿಹಾಕಿದ ವಿವರಗಳು 1970ರ ದಶಕದಲ್ಲಿ ಪ್ರಕಟವಾದವು. ಈಚೆಗೆ ಕಾಡಿನಲ್ಲಿ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇರಿಸುವ ಕ್ರಮ ಬಂದಿರುವುದರಿಂದ, ಮನುಷ್ಯನ ಸುಳಿವಿಲ್ಲದೆ ಅದರ ಓಡಾಟವನ್ನು ಅರಿಯುವುದು ಸಾಧ್ಯವಾಗಿದೆ.

ವರ್ಷದ ಬಹುಭಾಗ ಗಂಡು ಬೇರೆ, ಹೆಣ್ಣು ಬೇರೆ. ಮೇ ತಿಂಗಳಿನಿಂದ ಜುಲೈವರೆಗೆ, ಎಂದರೆ ಮುಂಗಾರಿನ ಮೋಡಗಳು ಕವಿಯುವ ಹೊತ್ತಿಗೆ, ಅವು ಕೂಡುತ್ತವೆ. ಆ ದಿನಗಳಲ್ಲಿ ಒಂದು ಗಂಡು ಇನ್ನೊಂದನ್ನು ಸೈರಿಸುವುದಿಲ್ಲ. ಗಂಡೂ ಹೆಣ್ಣೂ ಮೊಣಕಾಲೂರಿ, ಕೊರಳಿಗೆ ಕೊರಳು ಹೆಣೆದು ಒಂದನ್ನೊಂದು ನೂಕುತ್ತವೆ. ಬಳಿಕ ಗಂಡು ಬೀಗುತ್ತ ಹೆಜ್ಜೆಯಿಡುತ್ತದೆ. ಎಂಟು ತಿಂಗಳು ಕಳೆದು ಒಂದು ಮರಿ, ಇಲ್ಲವೆ ಎರಡು ಹುಟ್ಟುತ್ತವೆ. ಹುಟ್ಟಿದ ಮರಿಯ ಉದ್ದ 42ರಿಂದ 46 ಸೆಂಟಿಮೀಟರ್; ತೂಕ ಮುಕ್ಕಾಲು ಕಿಲೋದಿಂದ ಒಂದು ಕಿಲೋವರೆಗೆ. ತಾಯಿ ಮರಿಯನ್ನು ಹುಲ್ಲಿನ ಮರೆಯಲ್ಲಿ ಮಲಗಿಸಿ ತಾನು ಮೇಯಲು ಹೋಗುತ್ತದೆ, ಹಾಲೂಡಿಸಲು ಬರುತ್ತದೆ. ಹೀಗೆ ಬೆಳೆದ ಮರಿ ಸುಮಾರು ಒಂದು ವರ್ಷ ತಾಯಿಯ ಜೊತೆಗಿರುತ್ತದೆ. ಅದು ತಾನೇ ಮರಿಹಾಕುವ ಪ್ರಾಯಕ್ಕೆ ಬರಲು ಎರಡು ವರ್ಷ ಬೇಕು.

ಈ ತಿಂಗಳುಗಳನ್ನು ನಮ್ಮ ಸೀಮೆಯ ಪಂಚಾಂಗಕ್ಕೆ ಹೊಂದಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮುಂಗಾರಿನಲ್ಲಿ ಗಬ್ಬವಾದ ಕೊಂಡುಕುರಿ ಮರಿಹಾಕುವುದು ಸಂಕ್ರಾಂತಿ ಕಳೆದ ಮೇಲೆ. ಭರತಹುಣ್ಣಿಮೆಗೆ ಮೈಲಾರದ ಕಾರಣಿಕ ನುಡಿಯುವ, ಕೊಟ್ಟೂರಿನ ತೇರು ಎಳೆಯುವ, ಶಿವರಾತ್ರಿಗೆ ಕುರುವತ್ತಿಯ ಜಾತ್ರೆ ಕೂಡುವ ದಿನಗಳವು. ಆಗ ಗುಡ್ಡದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಮರಿಯ ಮೈಬಣ್ಣವೂ ಅದೇ ಆಗಿರುವುದರಿಂದ ಎರಡು ಮಾರು ದೂರದಲ್ಲಿದ್ದರೂ ಅದು ಕಣ್ಣಿಗೆ ಬೀಳದು. ಚಿರತೆ ನರಿಗಳಿಂದ ಅದನ್ನು ಕಾಯುವುದು ಈ ಬಣ್ಣ, ಈ ನಿಶ್ಚಲತೆ.

ಆದರೆ ಇದೇ ತಿಂಗಳುಗಳಲ್ಲಿಯೇ ಒಣಗಾಡಿಗೆ ಬೆಂಕಿ ಬೀಳುವುದು. ಹೊಸ ಮಳೆಗೆ ಎಳೆಯ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಕಿಡಿಯಿಡುವವರಿದ್ದಾರೆ. ಸೇದಿ ಬಿಸುಟ ಬೀಡಿಯ ತುಂಡಿನಿಂದಲೂ ಬೆಂಕಿ ಹತ್ತುತ್ತದೆ. ಬೆಳೆದ ಕೊಂಡುಕುರಿ ಓಡಿ ಪಾರಾದೀತು. ಅಲುಗಾಡಬಾರದೆಂಬ ಹುಟ್ಟರಿವಿನಿಂದ ಮಲಗಿರುವ ಮರಿಗೆ ಅದು ಸಾಧ್ಯವಿಲ್ಲ. ಚಿರತೆಯಿಂದ ಉಳಿಸಿದ ಗುಣವೇ ಬೆಂಕಿಯ ಮುಂದೆ ಮೃತ್ಯುವಾಗುತ್ತದೆ. ಬೆಂಕಿಯಿಂದ ಉಳಿದವುಗಳ ಪಾಲಿಗೆ ಬೇಸಗೆಯ ನೀರಿನ ಬರವಿದೆ. ಬತ್ತದ ಹೊಂಡಕ್ಕೆ ದನಕುರಿಗಳ ಜೊತೆ ಊರನಾಯಿಗಳೂ ಬರುತ್ತವೆ. ಕುರಿಗಾದರೆ ಎರಡು ವರ್ಷದಲ್ಲಿ ಮೂರು ಸೂಲು ಸಾಧ್ಯ. ಒಂದು ಹೋದರೆ ಇನ್ನೊಂದು ಬಂದೀತು. ಕೊಂಡುಕುರಿಗೆ ಒಂದು ವರ್ಷದ ಮರಿ ಹೋಯಿತೆಂದರೆ ಆ ವರ್ಷವೇ ಹೋದಂತೆ.

ಈಗ ಚರಿತ್ರೆ ಇವುಗಳ ನಡುವೆ ಮಾಡಿದ ಪಂಕ್ತಿಭೇದವನ್ನು ನೋಡಿ. ಕೃಷ್ಣಮೃಗ ಬಯಲಿನಲ್ಲಿ ಹಿಂಡುಹಿಂಡಾಗಿ ಕಾಣುವ ಪ್ರಾಣಿ. ಅದು ಸಹಜವಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳಿತು. ಅದರ ಚರ್ಮ ಬ್ರಹ್ಮಚಾರಿಯ ಹೆಗಲೇರಿತು. ಎರಳೆಯ ಕಣ್ಣು ಕವಿಗಳ ಉಪಮಾನವಾಯಿತು. ಅರಸರು ಸಾಕಿದ ಚೀತಾಗಳನ್ನು ಬಿಟ್ಟು ಅದನ್ನೇ ಬೇಟೆಯಾಡಿದರು. ಹೊಳಲಿನ ಎದುರಿಗೆ ಹೊಳೆಯಾಚೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿಯೇ ಕೃಷ್ಣಮೃಗಕ್ಕಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಏರ್ಪಟ್ಟಿತು. ಕೊಂಡುಕುರಿಯದು ಕಣ್ಣಿಗೆ ಬೀಳದ ಬಾಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಮೊದಲನೆಯ ಅನುಸೂಚಿಯಲ್ಲಿ ಸೇರಿಸಿತಾದರೂ, ಈ ಸೀಮೆಯಲ್ಲಿ ಅದರ ಹೆಸರಿನದೇ ಆದ ಒಂದು ಧಾಮ ಬರಲು 2011ರವರೆಗೆ ಕಾಯಬೇಕಾಯಿತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಒಣಗಾಡು ಆ ವರ್ಷ ಕೊಂಡುಕುರಿ ವನ್ಯಜೀವಿಧಾಮವೆನಿಸಿತು. ಎರಡು ಧಾಮಗಳ ನಡುವೆ ಮೂವತ್ತೇಳು ವರ್ಷಗಳ ಅಂತರ.

ರಂಗಯ್ಯನದುರ್ಗದ ಕಾಡನ್ನು ನೋಡಿದವರು ಇದೇನು ಕಾಡು ಎಂದು ಕೇಳಿಯಾರು. ಮಲೆನಾಡಿನ ಹೆಮ್ಮರಗಳು ಅಲ್ಲಿಲ್ಲ. ಕಂದಾಯದ ಕಡತಗಳಲ್ಲಿ ಬಂಜರು, ಪಾಳು, ಗೋಮಾಳ ಎಂಬ ಹೆಸರುಗಳಡಿಯಲ್ಲಿ ಎಷ್ಟೋ ಕಾಲದಿಂದ ನಡೆದುಬಂದ ನೆಲಕ್ಕೂ ಅದಕ್ಕೂ ಹೊರನೋಟದಲ್ಲಿ ವ್ಯತ್ಯಾಸ ಕಡಿಮೆ. ಪಾಳೆಂದು ಬರೆದ ನೆಲವನ್ನು ಉತ್ತರೂ ಅಗೆದರೂ ಗಣಿ ತೋಡಿದರೂ ನಷ್ಟವಾಯಿತೆಂದು ಯಾರಿಗೂ ತೋರುವುದಿಲ್ಲ. ಕೊಂಡುಕುರಿಗೆ ಬೇಕಾದದ್ದು ಮಾತ್ರ ಆ ನೆಲವೇ: ಎದೆಮಟ್ಟದ ಹುಲ್ಲು, ನಡುನಡುವೆ ಪೊದೆ, ಒಂದು ನೀರಿನ ಹೊಂಡ. ಈ ದೇಶದ ಒಣಗಾಡಿಗೂ ಬೆಲೆಯುಂಟೆಂಬ ಅರಿವು ಈಚೆಗೆ ಬೆಳೆಯುತ್ತಿರುವುದು ಸಮಾಧಾನದ ಸಂಗತಿ. 1994ರಲ್ಲಿ ದರೋಜಿಯಲ್ಲಿಯೂ 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿಯೂ ಕರಡಿಗಳಿಗಾಗಿ, 2016ರಲ್ಲಿ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿ ಧಾಮಗಳು ಏರ್ಪಟ್ಟಿವೆ. ಇವೆಲ್ಲವೂ ಬಯಲುಸೀಮೆಯ ಕುರುಚಲು ಕಾಡುಗಳೇ.

ಲೋಕದಲ್ಲಿ ಇಂದು ಉಳಿದಿರುವ ಬೆಳೆದ ಕೊಂಡುಕುರಿಗಳ ಸಂಖ್ಯೆ ಹತ್ತು ಸಾವಿರಕ್ಕಿಂತ ಕಡಿಮೆಯೆಂದು ಅಂದಾಜು. ಧಾಮದ ಎಲ್ಲೆಯೊಳಗೆ ಕಾಯಿದೆ ಕಾಯುತ್ತದೆ. ಎಲ್ಲೆಯ ಹೊರಗಿನ ಗುಡ್ಡಗಳಲ್ಲಿ ಕಾಯಬೇಕಾದವರು ದಿನವೂ ಅಲ್ಲಿ ಓಡಾಡುವವರು. ಅವರಿಗೆ ಹೇಳಬೇಕಾದ ಮಾತು ಬಹಳವಿಲ್ಲ. ಕುರಿಯಷ್ಟು ಎತ್ತರದ, ಕಾಲಿನ ಮುಂದೆ ಕಪ್ಪು ಗೆರೆಯುಳ್ಳ, ಒಂಟಿಯಾದ ಮೃಗವೊಂದು ಹುಲ್ಲಿನಿಂದೆದ್ದು ಓಡಿದರೆ, ಅದಕ್ಕೆ ಎರಡೇ ಕೊಂಬಿದ್ದರೂ, ಕೊಂಬೇ ಇಲ್ಲದಿದ್ದರೂ, ಅದು ಕೊಂಡುಕುರಿಯಾಗಿರಬಹುದು. ಸಂಕ್ರಾಂತಿಯಿಂದ ಯುಗಾದಿಯವರೆಗೆ ಆ ಹುಲ್ಲಿನಲ್ಲಿ ಒಂದು ಕಿಲೋ ತೂಗದ ಮರಿ ಮಲಗಿರುವುದು ಸಾಧ್ಯ. ಆ ಮೂರು ತಿಂಗಳು ಗುಡ್ಡಕ್ಕೆ ಬೆಂಕಿ ಬೀಳದಂತೆ ನೋಡಿಕೊಂಡರೆ, ಎಂಟು ತಿಂಗಳು ಹೊತ್ತ ತಾಯಿಯ ಶ್ರಮ ವ್ಯರ್ಥವಾಗದು. ಎಲಿಯಟ್ ತನ್ನ ಪಟ್ಟಿಯಲ್ಲಿ ಬರೆದಿಟ್ಟ ಮೃಗವನ್ನು ಈ ಸೀಮೆಯ ಮುಂದಿನ ಮಕ್ಕಳು ಪಟ್ಟಿಯಲ್ಲಿ ಓದುವುದರ ಜೊತೆಗೆ ಗುಡ್ಡದ ಮೇಲೂ ಕಾಣುವಂತಾಗುತ್ತದೆ.